ಶಿಲೀಂಧ್ರವೆಂಬ ಮಾತು

ಆಷಾಢದ ಜಡಿಮಳೆ ಹಿಡಿದ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಆಡುವ ಮಾತುಗಳಿಗೆ ಒಮ್ಮೆ ಕಿವಿಗೊಟ್ಟು ನೋಡಿ. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದ ಗೃಹಿಣಿ, ‘ಅಯ್ಯೋ, ಬೂಷ್ಟು ಹಿಡಿದುಬಿಟ್ಟಿದೆಯಲ್ಲ!’ ಎಂದು ಪೇಚಾಡುತ್ತಾಳೆ. ಹಿತ್ತಲಿನ ಕೊಳೆತ ಬೊಡ್ಡೆಯ ಮೇಲೆ ಬೆಳಗಾಗುವುದರೊಳಗೆ ಎದ್ದುನಿಂತ ಬಿಳಿಯ ಕೊಡೆಗಳನ್ನು ಕಂಡು ಮಕ್ಕಳು ‘ನಾಯಿಕೊಡೆ, ನಾಯಿಕೊಡೆ!’ ಎಂದು ಕುಣಿಯುತ್ತಾರೆ. ಒದ್ದೆ ಬಟ್ಟೆಯಲ್ಲೇ ದಿನವಿಡೀ ಓಡಾಡಿದವನ ಸೊಂಟದಲ್ಲಿ ಬಳೆಯಾಕಾರದ ಕೆಂಪು ಗೆರೆ ಮೂಡಿ ತುರಿಸತೊಡಗಿದರೆ, ‘ಹುಳುಕಡ್ಡಿಯಪ್ಪ, ಅಲಕ್ಷ್ಯ ಮಾಡಬೇಡ’ ಎಂದು ಅಜ್ಜಿ ಎಚ್ಚರಿಸುತ್ತಾರೆ. ಮಲೆನಾಡಿನ ನೆಂಟರಿಂದ ಬಂದ ಸುದ್ದಿಯಲ್ಲಿ, ‘ಈ ಸಲ ತೋಟಕ್ಕೆ ಕೊಳೆ ಬಂದಿದೆ’ ಎಂಬ ನಿಟ್ಟುಸಿರು ಇರುತ್ತದೆ.

ಬೂಷ್ಟು, ನಾಯಿಕೊಡೆ, ಹುಳುಕಡ್ಡಿ, ಕೊಳೆ — ಒಂದೇ ಮಳೆಗಾಲದ ನಾಲ್ಕು ಮಾತುಗಳು. ಇವುಗಳ ನಡುವೆ, ಮೂಲೆಯಲ್ಲಿ ಕುಳಿತು ವಿಜ್ಞಾನದ ಪಾಠವನ್ನು ಗಟ್ಟಿಯಾಗಿ ಓದುತ್ತಿರುವ ಹುಡುಗನ ಬಾಯಲ್ಲಿ ಐದನೆಯ ಮಾತೊಂದು ಬರುತ್ತದೆ: ‘ಶಿಲೀಂಧ್ರ’. ಮೊದಲಿನ ನಾಲ್ಕನ್ನೂ ಈ ಒಂದು ಮಾತಿನೊಳಗೆ ಅಡಕಮಾಡುವುದು ಬಹುಕಾಲದ ರೂಢಿ. ಆ ರೂಢಿ ನಾಲ್ಕರಲ್ಲಿ ಮೂರಕ್ಕೆ ಸರಿ, ಒಂದಕ್ಕೆ ಸಲ್ಲದು. ಯಾವುದಕ್ಕೆ ಸಲ್ಲದು, ಏಕೆ ಸಲ್ಲದು, ಸಲ್ಲದಿದ್ದರೆ ನಮಗೇನು ನಷ್ಟ ಎಂಬುದೇ ಈ ವಾರದ ವಿಚಾರ. ಶಬ್ದಾರ್ಥದ ಜಿಜ್ಞಾಸೆ ಪಂಡಿತರ ಪಾಲಿನದು ಎಂದು ವಾಚಕರು ಪುಟ ತಿರುವಬಾರದು. ಈ ಮಾತಿನ ಅರ್ಥಕ್ಕೆ ಚರ್ಮದಿಂದ ಹಿಡಿದು ಪ್ರಾಣದವರೆಗೆ ಸಂಬಂಧವಿದೆ.

ಶಬ್ದದ ಹಿಂದಣ ಕಥೆ

ಶಿಲೀಂಧ್ರವೆಂಬುದು ವಿಜ್ಞಾನಿಗಳು ಹೊಸದಾಗಿ ಟಂಕಿಸಿದ ಪದವಲ್ಲ. ಅದು ಸಂಸ್ಕೃತದ ಹಳೆಯ ಮಾತು. ನಿಘಂಟುಗಳಲ್ಲಿ ಅದಕ್ಕೆ ಅಣಬೆ ಎಂಬ ಅರ್ಥವಿದೆ; ಬಾಳೆಯ ಹೂವೆಂಬ ಅರ್ಥವೂ ಉಂಟು; ಒಂದು ಜಾತಿಯ ಮೀನಿಗೂ ಆ ಹೆಸರುಂಟು. ಕಾಳಿದಾಸನ ‘ಮೇಘದೂತ’ದ ಪೂರ್ವಭಾಗದಲ್ಲಿ ಯಕ್ಷನು ಮೇಘಕ್ಕೆ ದಾರಿ ಹೇಳುತ್ತ ಈ ಶಬ್ದವನ್ನು ಬಳಸುತ್ತಾನೆ. ಮೋಡದ ಗುಡುಗಿಗೆ ಭೂಮಿಯು ಶಿಲೀಂಧ್ರಗಳನ್ನು ತಲೆಯೆತ್ತಿಸಿ, ತಾನು ಬಂಜೆಯಲ್ಲವೆಂಬುದನ್ನು ತೋರುತ್ತದೆ ಎಂಬುದು ಅಲ್ಲಿನ ಭಾವ. ವ್ಯಾಖ್ಯಾನಕಾರನಾದ ಮಲ್ಲಿನಾಥನು ಇಲ್ಲಿ ಕಂದಲಿ ಎಂಬ ಅರ್ಥವನ್ನು ಹೇಳಿ, ಅದು ಮುಂದಿನ ಬೆಳೆಯ ಸಮೃದ್ಧಿಗೆ ಸೂಚನೆಯೆಂದು ವಿವರಿಸಿದ್ದಾನೆ; ಅನುವಾದಕರಲ್ಲಿ ಅನೇಕರು ಅಣಬೆಯೆಂದೇ ತಿಳಿದಿದ್ದಾರೆ. ಮೊದಲ ಗುಡುಗು ಕೇಳಿದೊಡನೆ ಹುತ್ತದ ಬುಡದಲ್ಲಿ ಅಣಬೆ ಹುಡುಕಹೊರಡುವ ನಮ್ಮ ಹಳ್ಳಿಗರಿಗೆ ಈ ಎರಡನೆಯ ಅರ್ಥವೇ ಸಹಜವಾಗಿ ತೋರಿದರೆ ಆಶ್ಚರ್ಯವಿಲ್ಲ.

ಹೀಗೆ ಕಣ್ಣಿಗೆ ಕಾಣುವ ಒಂದು ಅಣಬೆಯ ಹೆಸರು ಮುಂದೆ ಕಣ್ಣಿಗೆ ಕಾಣದ ಒಂದು ದೊಡ್ಡ ಜೀವಕುಲದ ಹೆಸರಾಯಿತು. ಪಶ್ಚಿಮದ ಭಾಷೆಗಳಲ್ಲಿಯೂ ನಡೆದದ್ದು ಇದೇ. ‘ಫಂಗಸ್’ ಎಂಬುದು ಲ್ಯಾಟಿನ್ ಭಾಷೆಯಲ್ಲಿ ಅಣಬೆಯ ಹೆಸರು. ಸ್ಪಂಜು ಎಂಬ ಅರ್ಥದ ಗ್ರೀಕ್ ಪದಕ್ಕೂ ಅದಕ್ಕೂ ನಂಟಿರಬೇಕೆಂದು ಭಾಷಾವಿದರಲ್ಲಿ ಹಲವರ ಊಹೆ. ಗ್ರೀಕರ ಅಣಬೆಗೆ ‘ಮೈಕೀಸ್’ ಎಂದು ಹೆಸರು. ಬಾಯಾರಿ ಬಳಲಿದ ವೀರ ಪರ್ಸಿಯಸನು ನೆಲದಿಂದ ಅಣಬೆಯೊಂದನ್ನು ಕಿತ್ತಾಗ ಅಲ್ಲಿ ನೀರು ಉಕ್ಕಿತೆಂದೂ, ಆದ್ದರಿಂದಲೇ ಆ ಸ್ಥಳದಲ್ಲಿ ಕಟ್ಟಿದ ನಗರಕ್ಕೆ ಮೈಸೀನೆ ಎಂಬ ಹೆಸರಾಯಿತೆಂದೂ ಪೌಸೇನಿಯಸ್ ಎಂಬ ಪ್ರಾಚೀನ ಯಾತ್ರಿಕನು ಹೇಳುವ ಕಥೆಗಳಲ್ಲೊಂದು. ಶಿಲೀಂಧ್ರಶಾಸ್ತ್ರಕ್ಕೆ ‘ಮೈಕಾಲಜಿ’ ಎಂಬ ಹೆಸರು ಬಂದಿರುವುದೂ ಆ ಗ್ರೀಕ್ ಅಣಬೆಯಿಂದಲೇ. ಮೂರು ಭಾಷೆಗಳೂ ಅಣಬೆಯನ್ನೇ ಹಿಡಿದುಕೊಂಡು ಆ ಕುಲದ ಬಾಗಿಲು ತೆರೆದವು ಎಂಬುದು ಸ್ವಾರಸ್ಯವಾದ ಸಂಗತಿ.

ಕಾಣುವುದು ಹಣ್ಣು, ಕಾಣದ್ದು ಮರ

ಹಾಗಾದರೆ ಶಿಲೀಂಧ್ರ ಎಂದರೆ ಅಣಬೆ ಎಂದುಬಿಟ್ಟರೆ ಸಾಕೇ? ಸಾಲದು. ಮಾವಿನ ಹಣ್ಣನ್ನು ತೋರಿಸಿ ಇದೇ ಮಾವಿನ ಮರ ಎಂದಂತಾದೀತು. ಅಣಬೆಯೆಂಬುದು ಶಿಲೀಂಧ್ರದ ಫಲ ಮಾತ್ರ. ಬೀಜಕಗಳೆಂಬ ನವಿರಾದ ಧೂಳನ್ನು ಗಾಳಿಗೆ ತೂರುವುದಕ್ಕಾಗಿ ಅದು ಕೆಲವು ದಿನಗಳ ಮಟ್ಟಿಗೆ ಎತ್ತಿ ಹಿಡಿದ ಅಂಗ. ಅದರ ನಿಜವಾದ ಶರೀರವು ಮಣ್ಣಿನೊಳಗೆ, ಮರದೊಳಗೆ, ಸಗಣಿಯೊಳಗೆ, ಇಲ್ಲವೇ ರೊಟ್ಟಿಯೊಳಗೆ ಜೇಡನ ಬಲೆಯಂತೆ ಸೂಕ್ಷ್ಮವಾದ ತಂತುಗಳ ಜಾಲವಾಗಿ ಹಬ್ಬಿರುತ್ತದೆ. ಈ ತಂತುಗಳು ತಮ್ಮ ಸುತ್ತ ಪಾಚಕರಸಗಳನ್ನು ಒಸರಿ, ಆಹಾರವನ್ನು ಹೊರಗೇ ಕರಗಿಸಿ, ಆಮೇಲೆ ಹೀರಿಕೊಳ್ಳುತ್ತವೆ. ನಾವು ಉಂಡು ಜೀರ್ಣಿಸಿಕೊಳ್ಳುತ್ತೇವೆ. ಶಿಲೀಂಧ್ರವು ಜೀರ್ಣಿಸಿ ಉಣ್ಣುತ್ತದೆ!

ಎಲ್ಲ ಶಿಲೀಂಧ್ರಗಳಿಗೂ ಅಣಬೆಯ ಕೊಡೆ ಇರುವುದಿಲ್ಲ. ಬೂಷ್ಟಿಗೆ ತಂತುಗಳೂ ಬೀಜಕಗಳೂ ಮಾತ್ರ. ಬ್ರೆಡ್ಡನ್ನು ಉಬ್ಬಿಸುವ ಯೀಸ್ಟಿಗೆ ತಂತುವೂ ಇಲ್ಲದೆ, ಒಂದೊಂದು ಕೋಶವೇ ಒಂದೊಂದು ಜೀವಿ. ಆದರೂ ಇವೆಲ್ಲ ಒಂದೇ ಕುಲ. ಇದುವರೆಗೆ ಶಾಸ್ತ್ರೀಯವಾಗಿ ಹೆಸರು ಪಡೆದಿರುವ ಶಿಲೀಂಧ್ರಗಳ ಜಾತಿಗಳು ಸುಮಾರು 1.5 ಲಕ್ಷ, ಭೂಮಿಯ ಮೇಲೆ ಒಟ್ಟು 22 ಲಕ್ಷದಿಂದ 38 ಲಕ್ಷ ಜಾತಿಗಳಿರಬಹುದೆಂದು 2017ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಅಂದರೆ ನಮಗೆ ಪರಿಚಯವಾಗಿರುವುದು ಅಂಗಳದಷ್ಟು, ಉಳಿದಿರುವುದು ಊರಿನಷ್ಟು.

ಇಷ್ಟನ್ನು ತಿಳಿದರೆ ಅಡುಗೆಮನೆಯ ಒಂದೆರಡು ವಿಷಯಗಳು ತಾವಾಗಿಯೇ ಸ್ಪಷ್ಟವಾಗುತ್ತವೆ. ಬ್ರೆಡ್ಡಿನ ಮೇಲೆ ಹಸಿರು ಚುಕ್ಕೆಯೊಂದು ಕಂಡರೆ ಅದನ್ನು ಗಿಲ್ಲಿ ಎಸೆದು ಉಳಿದದ್ದನ್ನು ತಿನ್ನುವ ಮಿತವ್ಯಯ ಸಲ್ಲದು. ಚುಕ್ಕೆ ಕಾಣುವ ಹೊತ್ತಿಗೆ ಕಾಣದ ತಂತುಗಳು ಆ ಮೆದುವಾದ ತುಂಡಿನ ಒಳಗೆಲ್ಲ ಹರಿದಿರಬಹುದು. ಬೂಷ್ಟು ಹಿಡಿದ ಕಡಲೆಕಾಯಿಯನ್ನು ಹುರಿದರೆ ದೋಷ ಹೋಗುತ್ತದೆ ಎಂಬ ನಂಬಿಕೆಯೂ ತಪ್ಪು. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿಕೋಳಿಗಳು ಲಕ್ಷಕ್ಕೂ ಮಿಕ್ಕಿ ಸತ್ತವು. ಕಾರಣ ಹುಡುಕುತ್ತ ಹೋದಾಗ, ಅವುಗಳ ಮೇವಿನಲ್ಲಿದ್ದ ಕಡಲೆಕಾಯಿ ಹಿಂಡಿಯಲ್ಲಿ ‘ಆಸ್ಪರ್ಜಿಲಸ್ ಫ್ಲೇವಸ್’ ಎಂಬ ಬೂಷ್ಟು ಬಿಟ್ಟಿದ್ದ ವಿಷ ಸಿಕ್ಕಿತು. ಆ ಬೂಷ್ಟಿನ ಹೆಸರಿನ ಅಕ್ಷರಗಳನ್ನೇ ಕೂಡಿಸಿ ವಿಷಕ್ಕೆ ‘ಅಫ್ಲಟಾಕ್ಸಿನ್’ ಎಂದು ಹೆಸರಿಟ್ಟರು. ಅದು ಯಕೃತ್ತಿಗೆ ಕೇಡು. ಅಡುಗೆಯ ಕಾವಿಗೆ ಸುಲಭವಾಗಿ ಅಳಿಯದು. 1974ರಲ್ಲಿ ನಮ್ಮ ದೇಶದ ಪಶ್ಚಿಮ ಭಾಗದಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಉಂಡವರಲ್ಲಿ ಇದೇ ವಿಷದಿಂದ ಕಾಮಾಲೆಯೆದ್ದು ಎಷ್ಟೋ ಜನ ಪ್ರಾಣ ಕಳೆದುಕೊಂಡರು. ಬೂಷ್ಟನ್ನು ಒರೆಸಿಬಿಡಬಹುದು, ಅದು ಒಳಗಿಟ್ಟುಹೋದ ವಿಷವನ್ನು ಒರೆಸಲಾಗದು.

ಅಣಬೆಯ ವಿಚಾರದಲ್ಲಿಯೂ ಹೆಸರನ್ನು ನಂಬಿ ಕೈಹಾಕಬಾರದು. ತಿನ್ನುವಂಥದು ಅಣಬೆ, ತಿನ್ನಬಾರದ್ದು ನಾಯಿಕೊಡೆ ಎಂದು ಕೆಲವರು ವಿಂಗಡಿಸುವುದುಂಟು. ಶಾಸ್ತ್ರದಲ್ಲಿ ಅಂಥ ಗೆರೆಯಿಲ್ಲ. ಬೇಯಿಸುವಾಗ ಬೆಳ್ಳಿಯ ನಾಣ್ಯ ಕಪ್ಪಾದರೆ ವಿಷ, ಆಗದಿದ್ದರೆ ನಿರಪಾಯ ಎಂಬ ಪರೀಕ್ಷೆಗೂ ಆಧಾರವಿಲ್ಲ. ಬಲ್ಲವರು ಗುರುತಿಸದ ಕಾಡಣಬೆಯನ್ನು ಒಲೆಗೇರಿಸದಿರುವುದೇ ಕ್ಷೇಮ.

ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ

1753ರಲ್ಲಿ ಸ್ವೀಡನ್ ದೇಶದ ಲಿನೇಯಸ್ ಸಸ್ಯಗಳನ್ನೆಲ್ಲ ವರ್ಗಗಳಾಗಿ ಹಂಚಿದಾಗ ಶಿಲೀಂಧ್ರಗಳನ್ನು ಕೊನೆಯ ವರ್ಗದಲ್ಲಿ, ಹೂಬಿಡದ ಗಿಡಗಳ ಜೊತೆಗೆ ಕೂಡಿಸಿದನು. ನೆಲಕ್ಕೆ ಅಂಟಿಕೊಂಡಿವೆ, ಓಡಾಡುವುದಿಲ್ಲ. ಆದುದರಿಂದ ಗಿಡಗಳು — ಎಂಬ ತರ್ಕ. ಇನ್ನೂರು ವರ್ಷಗಳಿಗೂ ಮಿಕ್ಕಿ ಇದೇ ಪಾಠ ನಡೆಯಿತು. ಆದರೆ ಶಿಲೀಂಧ್ರದಲ್ಲಿ ಗಿಡದ ಹಸಿರಿಲ್ಲ; ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಶಕ್ತಿಯಿಲ್ಲ. ಅದರ ಕೋಶದ ಗೋಡೆಯಲ್ಲಿ ಗಿಡಗಳ ಸೆಲ್ಯುಲೋಸಿಗೆ ಬದಲಾಗಿ ಜಿರಳೆ, ಏಡಿಗಳ ಚಿಪ್ಪಿನಲ್ಲಿರುವ ಕೈಟಿನ್ ಇದೆ. ಅದು ಕೂಡಿಡುವ ಸಕ್ಕರೆ ಗಿಡಗಳ ಪಿಷ್ಟವಲ್ಲ, ನಮ್ಮ ಯಕೃತ್ತಿನಲ್ಲಿರುವಂಥ ಗ್ಲೈಕೋಜನ್. ಇವನ್ನೆಲ್ಲ ತೂಗಿನೋಡಿ 1969ರಲ್ಲಿ ಅಮೆರಿಕದ ರಾಬರ್ಟ್ ವಿಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಭಾಗಿಸಿ, ಶಿಲೀಂಧ್ರಗಳಿಗೆ ಪ್ರತ್ಯೇಕ ಸಾಮ್ರಾಜ್ಯವನ್ನು ಕೊಟ್ಟನು. 1993ರಲ್ಲಿ ಅಣುಮಟ್ಟದ ಪರೀಕ್ಷೆಗಳು ಇನ್ನೂ ಮುಂದೆ ಹೋಗಿ, ಶಿಲೀಂಧ್ರಗಳ ಹತ್ತಿರದ ದಾಯಾದಿಗಳು ಗಿಡಗಳಲ್ಲ, ಪ್ರಾಣಿಗಳು ಎಂಬುದನ್ನು ತೋರಿಸಿದವು. ಅಡುಗೆಮನೆಯ ಅಣಬೆ ಪಕ್ಕದ ಬದನೆಕಾಯಿಗಿಂತ ಅದನ್ನು ಹೆಚ್ಚುವ ಕೈಗೇ ಹತ್ತಿರದ ನೆಂಟ!

ಈ ನೆಂಟಸ್ತಿಕೆ ವೈದ್ಯರಿಗೆ ತಲೆನೋವಿನ ವಿಷಯ. ಬ್ಯಾಕ್ಟೀರಿಯದ ಕೋಶ ನಮ್ಮ ಕೋಶಕ್ಕಿಂತ ಬಹಳ ಭಿನ್ನವಾದುದರಿಂದ ಅದನ್ನು ಮಾತ್ರ ಕೊಂದು ನಮ್ಮನ್ನು ಉಳಿಸುವ ಔಷಧಗಳು ಬೇಕಾದಷ್ಟು ದೊರೆತವು. ಶಿಲೀಂಧ್ರದ ಕೋಶವಾದರೋ ನಮ್ಮ ಕೋಶವನ್ನು ಬಹುಮಟ್ಟಿಗೆ ಹೋಲುತ್ತದೆ. ಅದಕ್ಕೆ ತಗಲಿ ನಮಗೆ ತಗಲದ ಔಷಧವನ್ನು ಹುಡುಕುವುದು ಕಷ್ಟ. ಆದ್ದರಿಂದಲೇ ಅಂಥ ಔಷಧಗಳು ಕೆಲವೇ. 1928ರಲ್ಲಿ ಫ್ಲೆಮಿಂಗ್ ಕಂಡುಹಿಡಿದ ಪೆನಿಸಿಲಿನ್ ಒಂದು ಬೂಷ್ಟಿನ ಕೊಡುಗೆ. ಅದು ಕೊಲ್ಲುವುದು ಬ್ಯಾಕ್ಟೀರಿಯಗಳನ್ನು, ಬೂಷ್ಟನ್ನಲ್ಲ. ಶಿಲೀಂಧ್ರದಿಂದಾದ ರೋಗಕ್ಕೆ ಹಿಂದಿನ ಸಲ ಉಳಿದ ಆಂಟಿಬಯಾಟಿಕ್ ಮಾತ್ರೆ ನುಂಗುವುದು ಬೀಗವೊಂದಕ್ಕೆ ಬೇರೊಂದು ಬೀಗದ ಕೈ ಹಾಕಿದಂತೆ. ಅಷ್ಟೇ ಅಲ್ಲ, ದೇಹದಲ್ಲಿ ಶಿಲೀಂಧ್ರವನ್ನು ಹದ್ದಿನಲ್ಲಿಟ್ಟ ಒಳ್ಳೆಯ ಬ್ಯಾಕ್ಟೀರಿಯಗಳೂ ಅದರಿಂದ ಸತ್ತು, ಶಿಲೀಂಧ್ರಕ್ಕೆ ಇನ್ನಷ್ಟು ಅನುಕೂಲವಾಗುವುದುಂಟು.

ಹುಳುವಿಲ್ಲದ ಹುಳುಕಡ್ಡಿ

ಅರಿಯದ ಕಾಲದಲ್ಲಿ ಇಟ್ಟ ಹೆಸರು ಅರಿವು ಬಂದ ಮೇಲೂ ಹೋಗುವುದಿಲ್ಲ. ಕ್ಷಯರೋಗದ ಬ್ಯಾಕ್ಟೀರಿಯಕ್ಕೆ ‘ಮೈಕೊಬ್ಯಾಕ್ಟೀರಿಯಮ್’ ಎಂದು 1896ರಲ್ಲಿ ಹೆಸರಾಯಿತು, ಅಂದರೆ ‘ಶಿಲೀಂಧ್ರ-ಬ್ಯಾಕ್ಟೀರಿಯ’. ದ್ರವದ ಮೇಲೆ ಅದು ಬೂಷ್ಟಿನಂತೆ ಕೆನೆಗಟ್ಟುವುದೇ ಇದಕ್ಕೆ ಕಾರಣ. ಕುಲದಿಂದ ಅದು ಶಿಲೀಂಧ್ರವೇ ಅಲ್ಲ. ಆ ಕ್ಷಯಕ್ಕೆ ಮೊದಲ ಮದ್ದಾಗಿ ಬಂದ ಸ್ಟ್ರೆಪ್ಟೊಮೈಸಿನ್ ಹೆಸರಿನ ಒಳಗೂ ಗ್ರೀಕರ ‘ಮೈಕೀಸ್’ ಕುಳಿತಿದೆ. ಅದನ್ನು ಕೊಟ್ಟ ಮಣ್ಣಿನ ಜೀವಿ ‘ಸ್ಟ್ರೆಪ್ಟೊಮೈಸಿಸ್’ ತಂತುಗಳಾಗಿ ಬೆಳೆಯುವ ಬ್ಯಾಕ್ಟೀರಿಯ; ಅದರ ಬಳಗವನ್ನು ಹಿಂದೆ ಶಿಲೀಂಧ್ರಗಳೆಂದು ಭಾವಿಸಿದ್ದರ ಕುರುಹು ಈ ಹೆಸರು.

ನಮ್ಮ ಹುಳುಕಡ್ಡಿಯ ಕಥೆಯೂ ಇದೇ. ಅದರಲ್ಲಿ ಹುಳುವೂ ಇಲ್ಲ, ಕಡ್ಡಿಯೂ ಇಲ್ಲ. ಇಂಗ್ಲಿಷರೂ ಅದನ್ನು ‘ಉಂಗುರದ ಹುಳು’ ಎಂದೇ ಕರೆದರು. ಚರ್ಮದ ಮೇಲ್ಪದರವನ್ನು ತಿಂದು ಬದುಕುವ ಶಿಲೀಂಧ್ರವು ಒಂದು ಬಿಂದುವಿನಿಂದ ಸುತ್ತಲೂ ಸಮನಾಗಿ ಹಬ್ಬುವುದರಿಂದ ಅಂಚು ಕೆಂಪಾಗಿ, ನಡುವೆ ತಿಳಿಯಾಗಿ, ಬಳೆಯ ಆಕಾರ ಮೂಡುತ್ತದೆ.

ಇಲ್ಲಿ ಹೆಸರಿನ ಗೊಂದಲಕ್ಕಿಂತ ದೊಡ್ಡ ಅಪಾಯವೊಂದಿದೆ. ತುರಿಕೆ ತಾಳಲಾರದೆ ನಾವು ಔಷಧದ ಅಂಗಡಿಗೆ ಹೋಗಿ, ‘ತುರಿಕೆಗೆ ಏನಾದರೂ ಕೊಡಿ’ ಎನ್ನುತ್ತೇವೆ. ಕೈಗೆ ಬರುವ ಮುಲಾಮಿನಲ್ಲಿ ಹಲವು ವೇಳೆ ಸ್ಟೀರಾಯ್ಡ್ ಬೆರೆತಿರುತ್ತದೆ. ಸ್ಟೀರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಎರಡೇ ದಿನಗಳಲ್ಲಿ ಇಳಿಸುತ್ತದೆ. ಏಕೆಂದರೆ ಅವೆರಡೂ ದೇಹದ ಪ್ರತಿರೋಧದ ಚಿಹ್ನೆಗಳು. ಕಾವಲುಗಾರನನ್ನು ಮಲಗಿಸಿದ ಮೇಲೆ ಕಳ್ಳನಿಗೆ ಸುಗ್ಗಿ. ಶಿಲೀಂಧ್ರವು ಸದ್ದಿಲ್ಲದೆ ಹಬ್ಬಿ, ಮುಲಾಮು ನಿಲ್ಲಿಸಿದೊಡನೆ ಮೊದಲಿಗಿಂತ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ಇಂಥ ಮುಲಾಮುಗಳ ದುರ್ಬಳಕೆಯ ಬಗ್ಗೆ ನಮ್ಮ ದೇಶದ ಚರ್ಮವೈದ್ಯರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. 2020ರಲ್ಲಿ ಹೊಸದಾಗಿ ಹೆಸರು ಪಡೆದ ಚರ್ಮದ ಶಿಲೀಂಧ್ರವೊಂದಕ್ಕೆ ‘ಟ್ರೈಕೋಫೈಟಾನ್ ಇಂಡೋಟೀನಿಯೆ’ ಎಂದು ಹೆಸರಾಗಿದ್ದು, ಅದರಲ್ಲಿ ಭಾರತದ ಹೆಸರು ಸೇರಿಕೊಂಡಿದೆ. ಅದರ ತಳಿಗಳಲ್ಲಿ ಹಲವು, ಈ ರೋಗಕ್ಕೆ ಸಾಮಾನ್ಯವಾಗಿ ಕೊಡುವ ಟರ್ಬಿನಾಫಿನ್ ಔಷಧಕ್ಕೆ ಬಗ್ಗುವುದಿಲ್ಲ. ಆದುದರಿಂದ ಬಳೆಯಾಕಾರದ ತುರಿಕೆ ಕಂಡರೆ ವೈದ್ಯರಿಗೆ ತೋರಿಸುವುದು, ಅವರು ಹೇಳಿದಷ್ಟು ದಿನ ಬಿಡದೆ ಔಷಧ ಹಚ್ಚುವುದು, ಬಟ್ಟೆಯನ್ನೂ ಟವಲನ್ನೂ ಹಂಚಿಕೊಳ್ಳದಿರುವುದು — ಇವು ಮೂರನ್ನೂ ಮನೆಯವರೆಲ್ಲ ಪಾಲಿಸಬೇಕು.

ಎರಡು ಕೊಳೆರೋಗ

ಈಗ ಶಿಲೀಂಧ್ರವೆಂಬ ಹೆಸರು ಸಲ್ಲದ ಆ ನಾಲ್ಕನೆಯ ಮಾತಿಗೆ ಬರೋಣ. ಕೊಳೆರೋಗವೆಂಬುದು ಕನ್ನಡದ ರೈತರ ಮಾತು. ಅದು ವಿಜ್ಞಾನದ ಲ್ಯಾಟಿನ್ ಹೆಸರುಗಳಲ್ಲಿಯೂ ಸೇರಿಕೊಂಡಿದೆಯೆಂದರೆ ವಾಚಕರಿಗೆ ಅಭಿಮಾನವುಂಟಾದೀತು. ಕಾಫಿಗಿಡದ ಎಲೆಗಳು ಮಳೆಗಾಲದಲ್ಲಿ ಕಪ್ಪಾಗಿ ಕೊಳೆತು, ತಂತುಗಳಿಂದ ಜೋತುಬೀಳುವ ರೋಗದ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಕುಕ್ ಎಂಬ ವಿದ್ವಾಂಸನು ‘ಪೆಲಿಕ್ಯುಲೇರಿಯ ಕೊಲೆರೋಗ’ ಎಂದು ನಾಮಕರಣ ಮಾಡಿದನು. 1958ರಲ್ಲಿ ಡಾಂಕ್ ಎಂಬ ಡಚ್ ಶಾಸ್ತ್ರಜ್ಞನು ‘ಕೊಲೆರೋಗ’ವೆಂದು ಒಂದು ಕುಲಕ್ಕೇ ಹೆಸರಿಟ್ಟನು. ಮುಂದೆ ಆ ಶಿಲೀಂಧ್ರವನ್ನು ಬೇರೊಂದು ಕುಲಕ್ಕೆ ಸೇರಿಸಿದರೂ, ನಮ್ಮ ಮಲೆನಾಡಿನ ಮಾತು ಶಾಸ್ತ್ರಗ್ರಂಥಗಳಲ್ಲಿ ಉಳಿದುಕೊಂಡಿದೆ.

ಅಡಿಕೆಯ ಕೊಳೆರೋಗ ಬೇರೆ. ಮುಂಗಾರು ಬಲವಾಗುತ್ತಿದ್ದಂತೆ ಎಳೆಯ ಅಡಿಕೆಗಳು ನೀರುಗಟ್ಟಿ, ಬಿಳಿಯ ಹೊದಿಕೆ ಹೊದ್ದು, ಕೊನೆಯಿಂದ ಉದುರಿಹೋಗುತ್ತವೆ. ಒಂದು ವರ್ಷದ ಸಂಸಾರದ ವೆಚ್ಚ ಹೀಗೆ ಕೆಲವು ವಾರಗಳಲ್ಲಿ ತೋಟದ ನೆಲಕ್ಕೆ ಬೀಳುವುದುಂಟು. ರೈತರು ಹಿಂದೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. ಕೆನಡಾ ದೇಶದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಆಳವಾಗಿ ಪರಿಶೀಲಿಸಿ 1910ರಲ್ಲಿ ವರದಿಯನ್ನು ಪ್ರಕಟಿಸಿದರು. ರೋಗಕ್ಕೆ ಕಾರಣವಾದ ಜೀವಿ ‘ಫೈಟಾಫ್ತೊರಾ’ ಎಂಬ ಕುಲದ್ದೆಂದು ತೋರಿಸಿ, ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆಯೇ ಕೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಶತಮಾನ ಕಳೆದ ಮೇಲೂ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಅಡಿಕೆ ಬೆಳೆಗಾರರ ನೆಚ್ಚಿನ ಮದ್ದು ಅದೇ.

ಫೈಟಾಫ್ತೊರಾ ಎಂದರೆ ಗ್ರೀಕ್ ಭಾಷೆಯಲ್ಲಿ ‘ಗಿಡಗಳಿಗೆ ನಾಶ’ ಎಂದು ಅರ್ಥ. 1845ರಿಂದ ಐರ್ಲೆಂಡಿನ ಆಲೂಗೆಡ್ಡೆಯ ಬೆಳೆಯನ್ನು ಕೊಳೆಯಿಸಿ, ಸುಮಾರು 10 ಲಕ್ಷ ಜನರನ್ನು ಬಲಿತೆಗೆದುಕೊಂಡ ಕ್ಷಾಮಕ್ಕೆ ಕಾರಣವಾದದ್ದೂ ಇದೇ ಕುಲದ ಜೀವಿ. ತಂತುಗಳಾಗಿ ಹಬ್ಬುವುದರಿಂದಲೂ ಬೂಷ್ಟಿನಂತೆ ಕಾಣುವುದರಿಂದಲೂ ಇದನ್ನು ಬಹುಕಾಲ ಶಿಲೀಂಧ್ರವೆಂದೇ ಎಣಿಸಿದರು. ಆದರೆ ಇದರ ಕೋಶದ ಗೋಡೆಯಲ್ಲಿ ಮುಖ್ಯವಾಗಿ ಇರುವುದು ಸೆಲ್ಯುಲೋಸ್. ಇದರ ಬೀಜಕಗಳು ಎರಡು ಬಾಲಗಳನ್ನು ಬೀಸುತ್ತ ನೀರಿನಲ್ಲಿ ಈಜುತ್ತವೆ. ಮಳೆಯ ನೀರೇ ಇವುಗಳಿಗೆ ದೋಣಿ. ವಂಶವೃಕ್ಷವನ್ನು ಬಿಡಿಸಿನೋಡಿದಾಗ ಇವು ಕಡಲಿನ ಕಂದುಪಾಚಿಯ ದಾಯಾದಿಗಳೆಂದೂ, ನಿಜವಾದ ಶಿಲೀಂಧ್ರಗಳಿಗೂ ಇವಕ್ಕೂ ಹತ್ತಿರದ ರಕ್ತಸಂಬಂಧವಿಲ್ಲವೆಂದೂ ಗೊತ್ತಾಯಿತು. ಇಂದಿನ ವರ್ಗೀಕರಣದಲ್ಲಿ ಇವು ಶಿಲೀಂಧ್ರ ಸಾಮ್ರಾಜ್ಯದ ಹೊರಗಿವೆ.

‘ಆದರೇನಂತೆ? ಅಡಿಕೆ ಉದುರುವುದು ತಪ್ಪೀತೇ?’ ಎಂದು ಬೆಳೆಗಾರರು ಕೇಳಬಹುದು. ತಾಮ್ರವು ಇಬ್ಬರಿಗೂ ವಿಷವಾದುದರಿಂದ ಬೋರ್ಡೋ ದ್ರಾವಣಕ್ಕೆ ಈ ಭೇದ ತಟ್ಟಲಿಲ್ಲ, ನಿಜ. ಹೊಸ ಔಷಧಗಳಿಗೆ ತಟ್ಟುತ್ತದೆ. ನಿಜವಾದ ಶಿಲೀಂಧ್ರಗಳು ತಮ್ಮ ಕೋಶದ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ಪದಾರ್ಥವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಶಿಲೀಂಧ್ರನಾಶಕಗಳಲ್ಲಿ ಒಂದು ದೊಡ್ಡ ಗುಂಪು ಆ ತಯಾರಿಕೆಯನ್ನೇ ಕೆಡಿಸಿ ಅವನ್ನು ಕೊಲ್ಲುತ್ತದೆ. ಫೈಟಾಫ್ತೊರಾ ಅದನ್ನು ತಯಾರಿಸುವುದೇ ಇಲ್ಲ. ಇಲ್ಲದ ಕಾರ್ಖಾನೆಗೆ ಬೀಗ ಹಾಕುವುದೆಂತು? ಇತ್ತ ಮೆಟಲಾಕ್ಸಿಲ್ ಎಂಬ ಔಷಧವು ಫೈಟಾಫ್ತೊರಾವನ್ನು ತಡೆಯುತ್ತದೆ. ನಿಜವಾದ ಶಿಲೀಂಧ್ರಗಳ ಮೇಲೆ ಅದರ ಆಟ ನಡೆಯದು. ಕಾಫಿಯ ಕೊಳೆಯೂ ಅಡಿಕೆಯ ಕೊಳೆಯೂ ರೈತನ ಕಣ್ಣಿಗೆ ಒಂದೇ. ಔಷಧದ ಕಣ್ಣಿಗೆ ಎರಡು. ‘ಫಂಗಸ್ಸಿಗೆ ಏನಾದರೂ ಕೊಡಿ’ ಎಂದಷ್ಟೇ ಕೇಳಿ ತಂದ ಡಬ್ಬಿಯು ಗುರಿ ತಪ್ಪಿದರೆ ಹಣವೂ ಹೋಯಿತು, ಮಳೆಯ ನಡುವೆ ಕಷ್ಟದಿಂದ ಸಿಕ್ಕ ಬಿಸಿಲಿನ ಹೊತ್ತೂ ಹೋಯಿತು, ಫಸಲೂ ಹೋಯಿತು.

ಬಣ್ಣದ ಹೆಸರು

ಹೆಸರು ಗುರಿ ತಪ್ಪಿದಾಗ ಬರಿಯ ಫಸಲಲ್ಲ, ಮನಸ್ಸಿನ ಧೈರ್ಯವೂ ಹೋಗುತ್ತದೆ ಎಂಬುದನ್ನು ನಾವು 2021ರ ಮೇ ತಿಂಗಳಿನಲ್ಲಿ ಕಂಡೆವು. ಕೋವಿಡ್‌ನ ಎರಡನೆಯ ಅಲೆಯಿಂದ ಚೇತರಿಸಿಕೊಳ್ಳುತ್ತಿದ್ದವರಲ್ಲಿ ಕೆಲವರಿಗೆ ಮೂಗು, ಕಣ್ಣು, ದವಡೆಗಳನ್ನು ತಿನ್ನುವ ರೋಗವೊಂದು ಕಾಣಿಸಿಕೊಂಡಿತು. ವೈದ್ಯರು ಅದಕ್ಕೆ ಮ್ಯೂಕರ್‌ಮೈಕೋಸಿಸ್ ಎನ್ನುತ್ತಾರೆ. ಇಲ್ಲಿಯೂ ನಡುವೆ ಅದೇ ‘ಮೈಕೀಸ್’. ಪತ್ರಿಕೆಗಳಲ್ಲಿಯೂ ಜನರ ಬಾಯಲ್ಲಿಯೂ ಅದು ‘ಕಪ್ಪು ಶಿಲೀಂಧ್ರ’ವಾಯಿತು. ಶಾಲೆಯ ಪುಸ್ತಕದಲ್ಲಿ ಅಡಗಿದ್ದ ಮಾತು ಒಂದೇ ವಾರದಲ್ಲಿ ಕನ್ನಡ ನಾಡಿನ ಮನೆಮನೆಯ ಭಯದ ಮಾತಾಯಿತು.

ಆ ಶಿಲೀಂಧ್ರ ಕಪ್ಪಲ್ಲ. ಅದು ಬ್ರೆಡ್ಡಿನ ಮೇಲೆ ಬರುವ ಬೂಷ್ಟಿನ ಬಳಗ. ಮೊದಲು ಬಿಳಿ, ಆಮೇಲೆ ಬೂದು. ಅದು ರಕ್ತನಾಳಗಳನ್ನು ಹೊಕ್ಕು ರಕ್ತದ ಹರಿವನ್ನು ಕಟ್ಟಿಬಿಡುವುದರಿಂದ ಆ ಭಾಗದ ಮಾಂಸ ಸತ್ತು ಕಪ್ಪಾಗುತ್ತದೆ. ಕಪ್ಪು ರೋಗಿಯ ಗಾಯದ ಬಣ್ಣ, ಜೀವಿಯ ಬಣ್ಣವಲ್ಲ. ಅದರ ಬೀಜಕಗಳು ನಮ್ಮ ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಎಂದಿನಿಂದಲೂ ಇವೆ. ಆರೋಗ್ಯವಂತರನ್ನು ಅವು ಸಾಮಾನ್ಯವಾಗಿ ಬಾಧಿಸವು. ಹತೋಟಿಯಿಲ್ಲದ ಮಧುಮೇಹವೂ ಅತಿಯಾದ ಸ್ಟೀರಾಯ್ಡ್ ಬಳಕೆಯೂ ಅವುಗಳಿಗೆ ಬಾಗಿಲು ತೆರೆದವು. ಈ ರೋಗ ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಆದರೆ ‘ಕಪ್ಪು’ ಎಂಬ ಹೆಸರು ಹಬ್ಬಿದ ಮೇಲೆ ‘ಬಿಳಿ’, ‘ಹಳದಿ’ ಎಂದು ಬೇರೆ ಬೇರೆ ಹೆಸರುಗಳೂ ಹುಟ್ಟಿಕೊಂಡವು. ಬಣ್ಣದಿಂದ ಕರೆಯುವುದು ಗೊಂದಲಕ್ಕೆ ಕಾರಣವೆಂದು ಹಿರಿಯ ವೈದ್ಯರೇ ಹೇಳಬೇಕಾಯಿತು. ಗೋಡೆಯ ಮೇಲಿನ ಕಪ್ಪು ಬೂಷ್ಟನ್ನೂ ಈರುಳ್ಳಿಯ ಸಿಪ್ಪೆಯ ಮೇಲಿನ ಕಪ್ಪು ಪುಡಿಯನ್ನೂ ಕಂಡು ಜನ ಬೆಚ್ಚಿದರು. ಅವು ಆ ರೋಗದ ಜೀವಿಗಳೇ ಅಲ್ಲ. ಭಯವು ಈರುಳ್ಳಿಯ ಕಡೆಗೆ ತಿರುಗಿದರೆ ನಿಜವಾದ ಶತ್ರುವಾದ ರಕ್ತದ ಸಕ್ಕರೆಯನ್ನು ಅಳೆದುನೋಡುವವರು ಯಾರು?

ಆ ದಿನಗಳಲ್ಲಿ ಊರೂರು ಹುಡುಕಿದರೂ ಸಿಗದಂತಾಗಿದ್ದ ಆಂಫೊಟೆರಿಸಿನ್ ಎಂಬ ಔಷಧದ ಹುಟ್ಟೂ ಕುತೂಹಲಕರವಾಗಿದೆ. 1955ರಲ್ಲಿ ದಕ್ಷಿಣ ಅಮೆರಿಕದ ವೆನೆಜುವೆಲದ ಒರಿನೋಕೊ ನದಿಯ ಬಳಿಯ ಮಣ್ಣಿನಲ್ಲಿ ದೊರೆತ ಜೀವಿಯಿಂದ ಅದನ್ನು ಪಡೆದರು. ಆ ಜೀವಿ ಯಾವುದು? ತಾನು ಶಿಲೀಂಧ್ರವಲ್ಲದಿದ್ದರೂ ಶಿಲೀಂಧ್ರದ ಹೆಸರನ್ನು ಹೊತ್ತ ಅದೇ ಸ್ಟ್ರೆಪ್ಟೊಮೈಸಿಸ್! ಮೇಲೆ ಹೇಳಿದ ಎರ್ಗೊಸ್ಟೆರಾಲನ್ನು ಹಿಡಿದು ಶಿಲೀಂಧ್ರದ ಕೋಶದ ಪೊರೆಯನ್ನು ಕೆಡಿಸುವುದು ಆ ಔಷಧದ ಕೆಲಸ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮನುಷ್ಯರಿಗೆ ಅಪಾಯಕರವಾದ 19 ಶಿಲೀಂಧ್ರಗಳ ಅಥವಾ ಶಿಲೀಂಧ್ರ ಗುಂಪುಗಳ ಪಟ್ಟಿಯನ್ನು ಮೊದಲ ಬಾರಿಗೆ ಪ್ರಕಟಿಸಿತು. ಆ ಪಟ್ಟಿಯಲ್ಲಿ ಈ ರೋಗದ ಬಳಗವೂ ಇದೆ.

ಬಳಕೆಯ ಮಾತು

ಇಷ್ಟೆಲ್ಲ ಹೇಳಿದ್ದನ್ನು ಕೇಳಿ ಶಿಲೀಂಧ್ರವೆಂದರೆ ಕೇಡೇ ಎಂದು ತಿಳಿಯಬಾರದು. 1885ರಲ್ಲಿ ಜರ್ಮನಿಯ ಫ್ರಾಂಕ್ ಎಂಬ ಸಸ್ಯವಿಜ್ಞಾನಿಯು ಮರದ ಬೇರೂ ಶಿಲೀಂಧ್ರದ ತಂತುವೂ ಹೆಣೆದುಕೊಂಡು ಬಾಳುವುದನ್ನು ವಿವರಿಸಿ ಅದಕ್ಕೆ ‘ಮೈಕೊರೈಜ’, ಅಂದರೆ ಶಿಲೀಂಧ್ರಬೇರು, ಎಂದು ಹೆಸರಿಟ್ಟನು. ನೆಲದ ಮೇಲಿನ ಸಸ್ಯಜಾತಿಗಳಲ್ಲಿ ಬಹುಪಾಲು ಹೀಗೆ ಶಿಲೀಂಧ್ರಗಳ ಕೂಟದಿಂದಲೇ ಮಣ್ಣಿನ ರಂಜಕವನ್ನೂ ನೀರನ್ನೂ ಪಡೆಯುತ್ತವೆ. ಪ್ರತಿಯಾಗಿ ಸಕ್ಕರೆಯನ್ನು ಕೊಡುತ್ತವೆ. ಬಿದ್ದ ಎಲೆಯನ್ನೂ ಸತ್ತ ಮರವನ್ನೂ ಕರಗಿಸಿ ಮಣ್ಣಿಗೆ ಮರಳಿಸುವ ಕೆಲಸದಲ್ಲಿಯೂ ಶಿಲೀಂಧ್ರಗಳದು ದೊಡ್ಡ ಪಾಲು. ಭೂಮಿ ಬಂಜೆಯಲ್ಲವೆಂಬುದಕ್ಕೆ ಶಿಲೀಂಧ್ರವನ್ನು ಕುರುಹಾಗಿಸಿದ ಕವಿಯ ಮಾತು ಕೇವಲ ಅಲಂಕಾರವಾಗಿ ಉಳಿಯಲಿಲ್ಲ.

ಬರೆಯುವವರಿಗೆ ಒಂದೆರಡು ಸೂಚನೆ. ‘ಶಿಲೀಂಧ್ರ’ದಲ್ಲಿ ‘ಲೀ’ ದೀರ್ಘ, ‘ಧ್ರ’ ಮಹಾಪ್ರಾಣ. ‘ಶಿಲಿಂದ್ರ’ ಎಂಬುದು ತಪ್ಪು. ಅಣಬೆ, ಬೂಷ್ಟು, ಯೀಸ್ಟು, ಹುಳುಕಡ್ಡಿಯ ಜೀವಿ — ಇವೆಲ್ಲವೂ ಶಿಲೀಂಧ್ರಗಳು. ಹಾಲನ್ನು ಮೊಸರಾಗಿಸುವುದು ಶಿಲೀಂಧ್ರವಲ್ಲ, ಬ್ಯಾಕ್ಟೀರಿಯ. ಇಡ್ಲಿಯ ಹಿಟ್ಟು ಉಬ್ಬುವುದೂ ಮುಖ್ಯವಾಗಿ ಬ್ಯಾಕ್ಟೀರಿಯಗಳಿಂದಲೇ, ಯೀಸ್ಟಿನದು ಜೊತೆಗೆಲಸ. ಅಡಿಕೆಯ ಕೊಳೆಗೆ ‘ಶಿಲೀಂಧ್ರದಂಥ ಜೀವಿ’ ಎಂದರೆ ಸಾಕು. ಒಂದು ‘ಅಂಥ’ ಸೇರಿಸುವುದರಿಂದ ವಾಕ್ಯಕ್ಕೆ ಭಾರವಾಗದು, ಅರ್ಥಕ್ಕೆ ಗೌರವ ಬರುತ್ತದೆ.

ಹಾಗೆಂದು ಹಳೆಯ ಮಾತುಗಳನ್ನು ಬಿಡಬೇಕೆಂದಲ್ಲ. ಕೊಳೆ ಎಂದು ಕರೆದ ರೈತನು ಕಂಡದ್ದನ್ನು ಹೇಳಿದನು. ಕಂಡದ್ದನ್ನು ಸರಿಯಾಗಿಯೇ ಹೇಳಿದನು. ಬೂಷ್ಟು, ತುಕ್ಕು, ಬೂದಿ, ಕಾಡಿಗೆ ಎಂದು ಬೆಳೆಯ ರೋಗಗಳನ್ನು ಹೊರನೋಟದಿಂದ ಗುರುತಿಸುವ ನಮ್ಮ ಮಾತುಗಳು ಕಣ್ಣಿಗೆ ಕನ್ನಡಿಯಂತಿವೆ. ಶಿಲೀಂಧ್ರವೆಂಬ ಮಾತಿನ ಕೆಲಸ ಬೇರೆ. ಅದು ಜೀವಿಯ ಕುಲವನ್ನು ಹೇಳುತ್ತದೆ. ರೋಗ ಬಂದಿದೆಯೆಂದು ಮೊದಲು ತಿಳಿಸುವುದು ಕಣ್ಣಿನ ಮಾತು. ಯಾವ ಮದ್ದು ನಾಟೀತೆಂದು ತಿಳಿಸುವುದು ಕುಲದ ಮಾತು. ಈ ಮಳೆಗಾಲದಲ್ಲಿ ಅಂಗಡಿಯ ಮುಂದೆ ನಿಂತು ಔಷಧ ಕೇಳುವಾಗ, ಚರ್ಮಕ್ಕಾಗಲಿ ತೋಟಕ್ಕಾಗಲಿ, ಕಂಡದ್ದನ್ನು ಹೇಳಿ ಅಲ್ಲಿಗೇ ನಿಲ್ಲಿಸದೆ, ‘ಇದು ಯಾವ ಜೀವಿಯಿಂದ ಬಂದದ್ದು?’ ಎಂದು ಬಲ್ಲವರನ್ನು ಇನ್ನೊಂದು ಪ್ರಶ್ನೆ ಕೇಳುವುದನ್ನು ವಾಚಕರು ಮರೆಯಬಾರದು.